ತುಂಗಭದ್ರೆಯ ಎಡದಂಡೆ: ನಿಂತ ಕಾರ್ಯವೊಂದು ನಡೆದ ಚರಿತ್ರೆ

1945ನೆಯ ಇಸವಿಯ ಫೆಬ್ರವರಿ 28ರಂದು ಹೊಸಪೇಟೆಯ ಸಮೀಪದಲ್ಲಿ ತುಂಗಭದ್ರಾ ನದಿಯ ಎರಡು ದಡಗಳಲ್ಲಿಯೂ ಒಂದೇ ದಿನ ಎರಡು ಅಸ್ತಿಭಾರದ ಶಿಲೆಗಳು ಸ್ಥಾಪಿತವಾದುವು. ಎಡದಡದಲ್ಲಿ ಹೈದರಾಬಾದು ಸಂಸ್ಥಾನದ ಪರವಾಗಿ ಬೇರಾರಿನ ಯುವರಾಜರೂ, ಬಲದಡದಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಆರ್ಥರ್ ಹೋಪ್ ಅವರೂ ಆ ವಿಧಿಯನ್ನು ನೆರವೇರಿಸಿದರು. ನದಿ ಒಂದೇ ಆಗಿದ್ದು, ಕಟ್ಟಬೇಕಾದ ಕಟ್ಟೆಯೂ ಒಂದೇ ಆಗಿದ್ದು, ಶಿಲೆಗಳು ಮಾತ್ರ ಎರಡಾದುವೆಂಬ ಸಂಗತಿಯಲ್ಲಿ ಮುಂದಿನ ನಾಲ್ಕು ವರ್ಷಗಳ ಕಥೆಯೆಲ್ಲವೂ ಅಡಗಿದ್ದಿತು. ಸಂಭ್ರಮವು ಮುಗಿದು, ಚಪ್ಪರಗಳು ಇಳಿದು, ಅಧಿಕಾರಿಗಳು ತಮ್ಮ ತಮ್ಮ ರಾಜಧಾನಿಗಳಿಗೆ ಮರಳಿದ ಮೇಲೆ, 1949ನೆಯ ಇಸವಿಯ ಆದಿಯವರೆಗೂ ಆ ಸ್ಥಳದಲ್ಲಿ ಹೇಳಿಕೊಳ್ಳತಕ್ಕ ಕೆಲಸವೇನೂ ಸಾಗಲಿಲ್ಲ. ಹಣದ ಅಭಾವವಾಗಲಿ, ಕಲ್ಲಿನ ಅಭಾವವಾಗಲಿ, ದುಡಿಯುವ ಕೈಗಳ ಅಭಾವವಾಗಲಿ ಇದಕ್ಕೆ ಮುಖ್ಯ ಕಾರಣವಲ್ಲ. ಎರಡು ದಡಗಳ ಎಂಜಿನಿಯರರೂ ತಮ್ಮ ತಮ್ಮ ಮತವನ್ನು ಬಿಡಲೊಲ್ಲದೆ ನಿಂತುದೇ ಕಾರಣ. ಮಾನ್ವಿ ಮತ್ತು ರಾಯಚೂರು ತಾಲ್ಲೂಕುಗಳ ಇಂದಿನ ಬಾಳು ಯಾವ ಕಾಲುವೆಯ ಮೇಲೆ ನಿಂತಿದೆಯೋ ಆ ಕಾಲುವೆಯ ಹುಟ್ಟು ಇಂತಹದು. ಆದುದರಿಂದ ಆ ಕಾರ್ಯವು ಏಕೆ ನಿಂತಿತು, ಹೇಗೆ ಮತ್ತೆ ನಡೆಯಿತು ಎಂಬುದನ್ನು ಈ ಸೀಮೆಯವರು ತಿಳಿದಿರುವುದು ಉಚಿತ.

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹಬ್ಬಿರುವ ಈ ದೋಆಬಿನಲ್ಲಿ ನೀರಿಗೆ ಬರವಿದೆಯೆಂದರೆ ಹೊರಗಿನವರು ನಂಬಲಾರರು. ಉತ್ತರಕ್ಕೆ ದೇವದುರ್ಗದ ಅಂಚಿನಲ್ಲಿ ಕೃಷ್ಣೆ ಹರಿಯುತ್ತಾಳೆ, ದಕ್ಷಿಣಕ್ಕೆ ಮಾನ್ವಿಯ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ, ರಾಯಚೂರು ಪಟ್ಟಣವು ಎರಡು ನದಿಗಳಿಗೂ ಅನತಿದೂರದಲ್ಲಿದೆ. ಆದರೂ ನದಿಗಳು ತಗ್ಗಿನಲ್ಲಿ ಸಾಗುತ್ತಿದ್ದು ಹೊಲಗಳು ಎತ್ತರದಲ್ಲಿ ಇರುವುದರಿಂದ, ಎರೆ ಭೂಮಿಯ ಒಕ್ಕಲಿಗನು ಹಿಂಗಾರಿನ ಬಿಳಿಜೋಳವನ್ನು ಬಿತ್ತಿ ಆಕಾಶವನ್ನು ನೋಡುವುದೇ ಶತಮಾನಗಳ ರೂಢಿಯಾಗಿದ್ದಿತು. ವಿಜಯನಗರದ ಅರಸರೂ ವಿಜಾಪುರದ ಸುಲ್ತಾನರೂ ಈ ನೆಲಕ್ಕಾಗಿ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಗೆದ್ದ ಯುದ್ಧವು ದಕ್ಷಿಣದ ಚರಿತ್ರೆಯಲ್ಲಿ ಪ್ರಖ್ಯಾತವಾದುದು. ಕಾದಾಡಿದವರು ಅನೇಕರಾದರೂ ನೆಲಕ್ಕೆ ನೀರನ್ನು ತಂದವರು ವಿರಳ. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಸಣ್ಣ ಅಣೆಗಳಿಂದ ಹೊರಟ ಕಾಲುವೆಗಳಲ್ಲಿ ಹೆಚ್ಚಿನವು ಹೊಸಪೇಟೆ, ಕಂಪ್ಲಿ, ಆನೆಗೊಂದಿ, ಗಂಗಾವತಿಗಳ ಸುತ್ತಿನವು. ರಾಯಚೂರು ತಾಲ್ಲೂಕಿನ ಪಾಲಿಗೆ ಬಂದುದು ಬಿಚ್ಚಾಲಿಯ ಕಾಲುವೆಯೊಂದೇ ಎನ್ನಬಹುದು.

ಮಹಾಜಲಾಶಯವೊಂದರ ಕಲ್ಪನೆ ಮೊದಲು ಮೂಡಿದುದು 1860ರಲ್ಲಿ, ಗೋದಾವರಿಯ ಅಣೆಕಟ್ಟಿನಿಂದ ಕೀರ್ತಿವಂತನಾದ ಸರ್ ಆರ್ಥರ್ ಕಾಟನ್ನನ ಮನಸ್ಸಿನಲ್ಲಿ. ಅವನ ದೃಷ್ಟಿಯಿದ್ದುದು ಬಳ್ಳಾರಿ, ಅನಂತಪುರ, ಕರ್ನೂಲು, ಕಡಪಗಳ ಕ್ಷಾಮಪೀಡಿತ ಭೂಮಿಯ ಮೇಲೆ. ನಿಜಾಮನ ಸೀಮೆಯ ಮೇಲಲ್ಲ. ಅವನ ಪ್ರೇರಣೆಯಿಂದಲೇ ಹುಟ್ಟಿದ ಮದರಾಸು ನೀರಾವರಿ ಕಂಪೆನಿಯು ಷೇರುದಾರರ ಬಂಡವಾಳದಿಂದ ಕರ್ನೂಲಿನ ಬಳಿಯ ಸುಂಕೇಸುಲದಲ್ಲಿ ತುಂಗಭದ್ರೆಗೆ ಅಣೆ ಕಟ್ಟಿ, ಕಡಪದವರೆಗೆ ಕಾಲುವೆಯನ್ನು ತೋಡಿತು. ಬಂಡವಾಳಕ್ಕೆ ನಿಶ್ಚಿತವಾದ ಬಡ್ಡಿಯನ್ನು ಸರಕಾರವೇ ಹೊಣೆ ಹೊತ್ತಿದ್ದುದರಿಂದ ನಷ್ಟದ ಭಯ ಕಂಪೆನಿಗಿರಲಿಲ್ಲ. ನಷ್ಟದ ಭಯವಿಲ್ಲದ ಕಡೆ ಎಚ್ಚರವೂ ಇರಲಿಲ್ಲ. ಖರ್ಚು ಮಿತಿಮೀರಿತು, ರೈತರು ನಿರೀಕ್ಷಿಸಿದಷ್ಟು ನೀರನ್ನು ಕೊಳ್ಳಲಿಲ್ಲ, ಕೊನೆಗೆ 1882ರಲ್ಲಿ ಸರಕಾರವೇ ಆ ಕಾಲುವೆಯನ್ನು ಕೊಂಡುಕೊಳ್ಳಬೇಕಾಯಿತು. ಈ ನಡುವೆ 1876ರಿಂದ 1878ರವರೆಗಿನ ಘೋರಕ್ಷಾಮವು ಬಂದುಹೋಗಿ, ದೊಡ್ಡ ಜಲಾಶಯವೊಂದಿಲ್ಲದೆ ಈ ಪ್ರದೇಶಕ್ಕೆ ಉಳಿವಿಲ್ಲವೆಂಬುದನ್ನು ಎಲ್ಲರಿಗೂ ಮನಗಾಣಿಸಿತು. ಆದರೂ ಮದರಾಸು, ಮೈಸೂರು, ಹೈದರಾಬಾದು ಎಂಬ ಮೂರು ಸರಕಾರಗಳ ಹಕ್ಕುಗಳು ಒಂದೇ ನದಿಯಲ್ಲಿ ತೊಡಕಿಕೊಂಡಿದ್ದುದರಿಂದ ಪತ್ರವ್ಯವಹಾರದಲ್ಲಿಯೇ ಎರಡು ತಲೆಮಾರುಗಳು ಸಂದುವು. ಮದರಾಸೂ ಹೈದರಾಬಾದೂ ತಲಾ 65 ಟಿಎಂಸಿ ನೀರನ್ನು ಪಡೆಯುವುದೆಂದು ಒಡಂಬಡಿಕೆಗೆ ಬಂದುದು 1944ನೆಯ ಇಸವಿಯ ಜೂನ್ ತಿಂಗಳಿನಲ್ಲಿ. ಕಾಟನ್ನನ ಕಲ್ಪನೆಯಿಂದ ಎಂಬತ್ತನಾಲ್ಕು ವರ್ಷಗಳ ತರುವಾಯ.

ನೀರಿನ ಪಾಲು ನಿರ್ಣಯವಾದ ಮೇಲೆ ಕಟ್ಟಡವು ಸುಗಮವಾಗಿ ಸಾಗಬೇಕಾಗಿದ್ದಿತು. ಆದರೆ ಆಗ ವಿವಾದವು ರಾಜಕಾರಣಿಗಳ ಕೈಯಿಂದ ಎಂಜಿನಿಯರರ ಕೈಗೆ ಜಾರಿತು. ಕಟ್ಟಡದ ಸಾಮಗ್ರಿಗಳ ಬಲವೆಷ್ಟು ಎಂಬುದೇ ಮೊದಲಾದ ತಾಂತ್ರಿಕ ವಿಷಯಗಳಲ್ಲಿ ಹೈದರಾಬಾದಿನವರ ಲೆಕ್ಕವನ್ನು ಮದರಾಸಿನವರು ಒಪ್ಪಲಿಲ್ಲ, ಮದರಾಸಿನವರ ಲೆಕ್ಕವನ್ನು ಹೈದರಾಬಾದಿನವರು ಒಪ್ಪಲಿಲ್ಲ. ಎರಡು ಪಕ್ಷಗಳಲ್ಲಿ ಯಾರೂ ಅನನುಭವಿಗಳಾಗಿರಲಿಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಮದರಾಸಿನ ಎಂಜಿನಿಯರರ ಬೆನ್ನಿಗೆ ಗೋದಾವರಿ, ಕೃಷ್ಣಾ, ಕಾವೇರಿಗಳ ಮುಖಜ ಭೂಮಿಯ ನೂರು ವರ್ಷಗಳ ಅನುಭವವಿದ್ದರೆ, ಹೈದರಾಬಾದಿನವರು ಉಸ್ಮಾನ್‌ಸಾಗರ, ಹಿಮಾಯತ್‌ಸಾಗರ, ನಿಜಾಮಸಾಗರಗಳನ್ನು ಕಟ್ಟಿ ಗಟ್ಟಿಯಾಗಿ ನಿಲ್ಲಿಸಿದವರಾಗಿದ್ದರು. ಇಬ್ಬರಿಗೂ ವಿದ್ಯೆಯಿದ್ದಿತು, ಇಬ್ಬರಿಗೂ ವಿದ್ಯೆಯ ಅಭಿಮಾನವಿದ್ದಿತು, ಆ ಅಭಿಮಾನದ ಬೆನ್ನಿಗೆ ಇಬ್ಬರ ಸರಕಾರಗಳ ಪ್ರತಿಷ್ಠೆಯೂ ನಿಂತಿದ್ದಿತು.

ಈ ಬಿಕ್ಕಟ್ಟನ್ನು ಬಿಡಿಸುವುದಕ್ಕಾಗಿ ಎಂಜಿನಿಯರರ ಮಂಡಲಿಯೊಂದು ನೇಮಕವಾಗಿ, ಅದರ ಅಧ್ಯಕ್ಷತೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ವಹಿಸಿದರು. ಇವರಿಗಿಂತ ಯೋಗ್ಯರಾದ ಮಧ್ಯಸ್ಥರನ್ನು ಊಹಿಸುವುದೂ ಕಷ್ಟ. ಆಗಲೇ ಎಂಬತ್ತನ್ನು ದಾಟಿದ್ದ ಅವರು 1908ರ ಮೂಸಿ ನದಿಯ ಮಹಾಪೂರದ ತರುವಾಯ ಹೈದರಾಬಾದು ನಗರದ ರಕ್ಷಣೆಯ ಯೋಜನೆಯನ್ನು ರೂಪಿಸಿಕೊಟ್ಟವರು. ಉಸ್ಮಾನ್‌ಸಾಗರವೂ ಹಿಮಾಯತ್‌ಸಾಗರವೂ ಆ ಯೋಜನೆಯ ಫಲಗಳೇ. ಕನ್ನಂಬಾಡಿಯಲ್ಲಿ ಸಿಮೆಂಟಿನ ಹಂಗಿಲ್ಲದೆ ಸುರ್ಕಿಯ ಗಾರೆಯಿಂದ ಕೃಷ್ಣರಾಜಸಾಗರವು ಎದ್ದುನಿಂತುದು ಅವರ ಕಾಲದ ಸಾಹಸ. ಎರಡು ದಡದವರಿಗೂ ಗೌರವಾರ್ಹರಾದ, ಎರಡು ಬಗೆಯ ಕಟ್ಟಡದ ಮರ್ಮವನ್ನೂ ಬಲ್ಲ ಅಂತಹವರು ಮಧ್ಯೆ ಕುಳಿತರೂ ಒಪ್ಪಂದವಾಗಲಿಲ್ಲ. ಈ ಯೋಜನೆಯ ಇಡೀ ಇತಿಹಾಸದಲ್ಲಿ ನನ್ನನ್ನು ಅತ್ಯಂತ ಚಿಂತೆಗೆ ಹಚ್ಚುವ ಘಟನೆ ಇದೇ. ಎತ್ತಿದ ಪ್ರಶ್ನೆಗಳು ನಿಜವಾಗಿಯೂ ತಾಂತ್ರಿಕವಾಗಿದ್ದ ಪಕ್ಷದಲ್ಲಿ ಆ ಕಾಲದ ಭಾರತದ ಪರಮ ತಂತ್ರಜ್ಞನ ನಿರ್ಣಯವು ಅವುಗಳನ್ನು ಪರಿಹರಿಸಬೇಕಾಗಿದ್ದಿತು. ಪರಿಹರಿಸಲಿಲ್ಲವಾದುದರಿಂದ, ಪ್ರಶ್ನೆಗಳ ಮೂಲವು ಕಲ್ಲಿನಲ್ಲಿಯೂ ಗಾರೆಯಲ್ಲಿಯೂ ಇರಲಿಲ್ಲವೆಂದೇ ಹೇಳಬೇಕು. ಕಾರ್ಯವನ್ನು ಮಾಡಬೇಕಾದವರೇ ತಮ್ಮ ಮಾತನ್ನು ಒಂದು ಹೆಜ್ಜೆ ಹಿಂದಕ್ಕಿಡಲು ಸಿದ್ಧರಿಲ್ಲದಿದ್ದಾಗ ಹೊರಗಿನ ಪ್ರಾಜ್ಞನು ಏನನ್ನು ತಾನೇ ಮಾಡಿಯಾನು?

1948ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ರಜಾಕಾರರ ಹಾವಳಿಯೂ, ಅದರ ಬೆನ್ನಿಗೇ ಬಂದ ಹಿಂಸೆಯೂ ಈ ಸೀಮೆಯ ಊರುಗಳಲ್ಲಿ ಮಾಡಿದ ಗಾಯಗಳು ಅನೇಕ. ಅವುಗಳ ಕಥೆ ಬೇರೆಯಾಗಿಯೇ, ಆದರದಿಂದ ಹೇಳತಕ್ಕದ್ದು. ನಮ್ಮ ಪ್ರಸ್ತುತಕ್ಕೆ ಸಂಬಂಧಿಸಿದುದಿಷ್ಟೇ: ಆಡಳಿತವು ಬದಲಾದೊಡನೆ ಎಡದಡದ ಎಂಜಿನಿಯರರ ನಾಯಕತ್ವವೂ ಬದಲಾಯಿತು. ಹೊಸದಾಗಿ ಬಂದವರು ಹಿಂದಿನವರ ಹಟವನ್ನು ಕೈಬಿಟ್ಟು ಮದರಾಸಿನವರ ತಾಂತ್ರಿಕ ಪರಿಹಾರಗಳನ್ನು ಒಪ್ಪಿಕೊಂಡರು. ನಾಲ್ಕು ವರ್ಷಗಳಿಂದ ಅಲುಗಾಡದೆ ಇದ್ದ ಕಾರ್ಯವು 1949ರ ಏಪ್ರಿಲ್ 15ರಂದು ನಿಜವಾಗಿ ಆರಂಭವಾಯಿತು. ಅದೇ ವರ್ಷದ ಅಕ್ಟೋಬರಿನ ವೇಳೆಗೆ ಮದರಾಸು ಮತ್ತು ಹೈದರಾಬಾದುಗಳ ನಡುವೆ ಉಳಿದಿದ್ದ ಪ್ರಶ್ನೆಗಳೂ ಇತ್ಯರ್ಥವಾದುವು, ಮೈಸೂರಿನೊಡನೆಯೂ ಒಪ್ಪಂದವಾಯಿತು.

ಈ ಘಟ್ಟವನ್ನು ಬರೆದವರು ಸಾಮಾನ್ಯವಾಗಿ ಮದರಾಸಿನ ಪಕ್ಷದ ಜಯವೆಂಬಂತೆ ಬರೆದಿದ್ದಾರೆ. ಮದರಾಸಿನ ಎಂಜಿನಿಯರರ ಮುಂದಾಳಾಗಿದ್ದ ಎಂ. ಎಸ್. ತಿರುಮಲೆ ಅಯ್ಯಂಗಾರ್ಯರ ಹೆಸರು ಅಣೆಕಟ್ಟಿನೊಡನೆ ಅಚ್ಚಳಿಯದೆ ಸೇರಿಕೊಂಡಿದೆ, ಸೇರಿರುವುದು ನ್ಯಾಯವೇ. ವಿದೇಶದ ಯಂತ್ರಗಳಿಗಾಗಿ ಕಾಯದೆ, ಈ ದೇಶದಲ್ಲಿ ವಿಪುಲವಾಗಿದ್ದ ಕಲ್ಲನ್ನೂ ಸುಣ್ಣವನ್ನೂ ಮನುಷ್ಯರ ಕೈಗಳನ್ನೂ ನೆಚ್ಚಿ ಮಹತ್ತಾದ ಕಟ್ಟಡವನ್ನು ಎಬ್ಬಿಸಬಹುದೆಂಬ ಧೈರ್ಯ ಅವರದು. ಯುದ್ಧಾನಂತರದ ಆ ಅಭಾವದ ಕಾಲದಲ್ಲಿ ಅದು ಅತ್ಯಂತ ವಿವೇಕದ ನಿರ್ಧಾರವಾಗಿದ್ದಿತು. ಆದರೆ ನನ್ನ ಮತದಲ್ಲಿ, ತಮ್ಮ ನಿಲುವನ್ನು ಸಾಧಿಸಿದವರಿಗೆ ಸಲ್ಲುವಷ್ಟೇ ಗೌರವವು ತಮ್ಮ ನಿಲುವನ್ನು ಬಿಟ್ಟುಕೊಟ್ಟವರಿಗೂ ಸಲ್ಲಬೇಕು. ಸೋತ ಸಂಸ್ಥಾನದಿಂದ ಬಂದು, ಗೆದ್ದ ಪಕ್ಷದ ನಕ್ಷೆಗೆ ಸಹಿ ಹಾಕಿ, ಅದು ತಮ್ಮದೇ ನಕ್ಷೆಯೋ ಎಂಬಂತೆ ಹಗಲಿರುಳು ದುಡಿಯುವುದು ಸಾಮಾನ್ಯವಾದ ಮನೋಬಲದ ಕೆಲಸವಲ್ಲ. ಹೈದರಾಬಾದಿನ ಆ ಎಂಜಿನಿಯರರ ಹೆಸರುಗಳು ಇಂದು ಎಡದಂಡೆಯ ಜನರ ನಾಲಗೆಯ ಮೇಲೆ ಉಳಿದಿಲ್ಲವೆಂಬುದು ನನಗೆ ಖೇದದ ವಿಷಯ. ಮಾನ್ವಿಯ ಗದ್ದೆಗಳಿಗೆ ನೀರು ಬಂದುದು ಅವರ ಈ ತ್ಯಾಗದಿಂದಲೂ ಹೌದು.

ಕೈಗಳಿಂದ ಕಲ್ಲನ್ನು ಸಾಗಿಸುವ ವಿದ್ಯೆ ಈ ದೋಆಬಿಗೆ ಹೊಸದಾಗಿರಲಿಲ್ಲ. ರಾಯಚೂರಿನ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿಗಳಿಗೂ ಮೀರಿದ ಉದ್ದದ ಒಂದೇ ಶಿಲೆಯಿದೆ. ಕಾಕತೀಯರ ಕಾಲದಲ್ಲಿ ಗೋರೆ ಗಂಗಯ್ಯ ರೆಡ್ಡಿಯು ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಹೇಳುವ 1294ರ ತೆಲುಗು ಶಾಸನವು ಅದರ ಮೇಲಿದ್ದು, ಅಲ್ಲಿಯೇ ಆ ಶಿಲೆಯನ್ನು ಬಂಡಿಯ ಮೇಲೇರಿಸಿ, ಕೋಣಗಳ ಉದ್ದನೆಯ ಸಾಲಿನಿಂದ ಎಳೆಯಿಸಿ ತಂದ ಬಗೆಯೂ ಚಿತ್ರಿತವಾಗಿದೆ. ಬಂಡಿಯ ಚಕ್ರಗಳಿಗೆ ಸನ್ನೆಗೋಲು ಕೊಟ್ಟು ನೂಕುವವರೂ, ಕೂಗಿ ಹುರಿದುಂಬಿಸುವವರೂ ಆ ರೇಖೆಗಳಲ್ಲಿ ಕಾಣುತ್ತಾರೆ. ಕಟ್ಟಿಸಿದವನ ಹೆಸರಿನೊಡನೆ ಎಳೆದವರ ಶ್ರಮವನ್ನೂ ಕಲ್ಲಿನಲ್ಲಿ ಕೆತ್ತಿಸಬೇಕೆಂದು ಆ ಕಾಲದವರಿಗೆ ತೋಚಿದುದು ನಿಜವಾಗಿಯೂ ದೊಡ್ಡ ಮನಸ್ಸಿನ ಗುರುತು.

1953ರ ಜುಲೈ 1ರಂದು ಕಾಲುವೆಗಳಿಗೆ ನೀರನ್ನು ಬಿಡಲಾಯಿತು. ನಾಲ್ಕು ವರ್ಷಗಳ ನಿಶ್ಚಲತೆಯ ಬಳಿಕ ನಾಲ್ಕೇ ವರ್ಷಗಳ ದುಡಿಮೆಯಿಂದ 33 ಗೇಟುಗಳ, ಸುಮಾರು ಎರಡೂವರೆ ಕಿಲೋಮೀಟರು ಉದ್ದದ ಕಟ್ಟೆಯು ನದಿಯನ್ನು ತಡೆದು ನಿಂತಿತು. ಜಲಾಶಯದಲ್ಲಿ ಸುಮಾರು 90 ಹಳ್ಳಿಗಳು ಮುಳುಗಡೆಗೆ ಸಿಕ್ಕಿ, 54,000ಕ್ಕೂ ಹೆಚ್ಚು ಜನರು ನೆಲೆ ತಪ್ಪಿದರು. ಕೆಳಗಿನ ಹೊಲಗಳ ಹಸುರನ್ನು ಹೊಗಳುವಾಗ ಮೇಲಿನ ನೀರಿನ ತಳದಲ್ಲಿರುವ ಆ ಊರುಗಳನ್ನು ನೆನೆಯದಿರುವುದು ಕೃತಘ್ನತೆ. ಅದೇ ವರ್ಷದ ಅಕ್ಟೋಬರ್ 1ರಂದು ಆಂಧ್ರವು ಪ್ರತ್ಯೇಕ ರಾಜ್ಯವಾಗಿ, ಬಳ್ಳಾರಿ ಜಿಲ್ಲೆಯ ಹೆಚ್ಚಿನ ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ಈ ರಾಜ್ಯಗಳಿಗೆ ಸಮಾನವಾದ ಕಾರ್ಯಗಳನ್ನು ನೋಡಿಕೊಳ್ಳಲು ತುಂಗಭದ್ರಾ ಮಂಡಲಿಯು ಸ್ಥಾಪಿತವಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯೂ ಕನ್ನಡ ರಾಜ್ಯಕ್ಕೆ ಬಂದಿತು.

ಎಡದಂಡೆಯ ಕಾಲುವೆಯು ಮುನಿರಾಬಾದಿನಲ್ಲಿ ಹೊರಟು, ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾದು, ರಾಯಚೂರು ತಾಲ್ಲೂಕಿನಲ್ಲಿ ಮುಗಿಯುತ್ತದೆ. ಉದ್ದ 227 ಕಿಲೋಮೀಟರು, ಹಳೆಯ ಲೆಕ್ಕದಲ್ಲಿ 141 ಮೈಲಿ. ಅಚ್ಚುಕಟ್ಟು ಸುಮಾರು ಆರು ಲಕ್ಷ ಎಕರೆ. ಯೋಜನೆಯ ಮೂಲ ಉದ್ದೇಶವೇನಿದ್ದಿತೆಂದರೆ, ಇದ್ದ ನೀರನ್ನು ಆದಷ್ಟು ವಿಸ್ತಾರವಾದ ನೆಲಕ್ಕೆ ತೆಳುವಾಗಿ ಹಂಚಿ, ಜೋಳ, ಸೇಂಗಾ, ಹತ್ತಿಗಳಂತಹ ಮಿತನೀರಿನ ಬೆಳೆಗಳನ್ನು ಬರದಿಂದ ಕಾಪಾಡುವುದು. ಭತ್ತಕ್ಕೆ ಗೊತ್ತುಮಾಡಿದ್ದ ನೆಲ ಅಲ್ಪ. ಆದರೆ ಕಾಲುವೆ ಬಂದೊಡನೆ ಆಂಧ್ರದ ಕರಾವಳಿಯಿಂದ ಗದ್ದೆಯ ಬೇಸಾಯವನ್ನು ಬಲ್ಲ ಕುಟುಂಬಗಳು ಬಂದು ಭೂಮಿಯನ್ನು ಕೊಂಡು, ಕ್ಯಾಂಪುಗಳನ್ನು ಕಟ್ಟಿಕೊಂಡು, ಕಾಲುವೆಯ ಮೇಲ್ಭಾಗದಲ್ಲೆಲ್ಲ ಭತ್ತವನ್ನು ಹಚ್ಚಿದರು. ಅವರ ಉದ್ಯಮಶೀಲತೆಯನ್ನು ಯಾರೂ ಅಲ್ಲಗಳೆಯಲಾರರು. ಸ್ಥಳೀಯ ರೈತರೂ ಅವರಿಂದ ಕಲಿತು ಅದೇ ಹಾದಿ ಹಿಡಿದರು. ಪರಿಣಾಮವೇನಾಯಿತೆಂದರೆ, ಆರು ಲಕ್ಷ ಎಕರೆಗೆಂದು ಅಳೆದಿಟ್ಟ ನೀರು ಮೇಲಿನ ಗದ್ದೆಗಳಲ್ಲಿಯೇ ನಿಂತುಬಿಟ್ಟು, ಮಾನ್ವಿಯ ಕೆಳಭಾಗಕ್ಕೂ ರಾಯಚೂರಿಗೂ ನಕ್ಷೆಯಲ್ಲಿ ಕಾಲುವೆಯುಳಿಯಿತು, ಹೊಲದಲ್ಲಿ ನೀರುಳಿಯಲಿಲ್ಲ. 69ನೆಯ ಮೈಲಿಯಲ್ಲಿ ಗೇಜ್ ಎಷ್ಟಿದೆ, 104ನೆಯ ಮೈಲಿಯಲ್ಲಿ ಎಷ್ಟಿದೆ ಎಂಬುದನ್ನು ವಿಚಾರಿಸಿಯೇ ಕೊನೆಭಾಗದ ರೈತನು ಬಿತ್ತನೆಯ ಮಾತಾಡುತ್ತಾನೆ. ಹಂಗಾಮಿನ ನಡುವೆ ಅಕ್ರಮ ತೂಬುಗಳನ್ನು ಮುಚ್ಚಿಸಲು ಕಾಲುವೆಯ ಉದ್ದಕ್ಕೂ ಪೊಲೀಸರನ್ನು ನಿಲ್ಲಿಸಿ ನಿಷೇಧಾಜ್ಞೆಯನ್ನು ಹೊರಡಿಸುವುದು ಹಲವು ವರ್ಷಗಳಿಂದ ನಡೆದುಬಂದ ವಾಡಿಕೆ.

ಅಣೆಕಟ್ಟಿನ ಬಿಕ್ಕಟ್ಟಿನಲ್ಲಿ ಎದುರಾಳಿಗಳು ಇಬ್ಬರೇ ಆಗಿದ್ದರು. ಇಬ್ಬರಲ್ಲಿ ಒಬ್ಬರು ಮಣಿದರೆ ಕಾರ್ಯ ಸಾಗುವಂತಿದ್ದಿತು. ಕಾಲುವೆಯ ಬಿಕ್ಕಟ್ಟಿನಲ್ಲಿ ಎದುರಾಳಿಗಳು ಸಹಸ್ರಾರು, ಅವರಲ್ಲಿ ಬಹುಮಂದಿ ಬಡವರು. ವಡ್ಡರಹಟ್ಟಿ, ಸಿಂಧನೂರು, ಸಿರವಾರ, ಯರಮರಸ್ ಎಂದು ವಿಭಾಗಗಳಾಗಿ ಹಂಚಿಹೋಗಿರುವ ಕಾಲುವೆಯಲ್ಲಿ ಮೇಲಿನ ವಿಭಾಗದ ಅಧಿಕಾರಿಯು ತನ್ನ ರೈತರನ್ನು ಎದುರುಹಾಕಿಕೊಂಡು ಕೆಳಗಿನ ವಿಭಾಗಕ್ಕೆ ನೀರನ್ನು ಸಾಗಿಸಬೇಕಾಗುತ್ತದೆ. ಹಾಗೆ ಮಾಡಿದವನಿಗೆ ಕೀರ್ತಿಶಿಲೆಯೂ ಇಲ್ಲ, ಊರಿನವರ ಮೆಚ್ಚುಗೆಯೂ ಇಲ್ಲ. ರಾತ್ರಿಯ ಹೊತ್ತು ಕಾಲುವೆಯ ಏರಿಯ ಮೇಲೆ ಒಂಟಿಯಾಗಿ ನಡೆದು ತೂಬನ್ನು ಕಾಯುವ ನೀರುಗಂಟಿಯ ಕಷ್ಟವಂತೂ ಅದಕ್ಕಿಂತಲೂ ಹೆಚ್ಚಿನದು. ಕಲ್ಲಿನ ಕಟ್ಟೆಯನ್ನು ಎಬ್ಬಿಸಲು ದೊರೆತಂತಹ ನಾಯಕತ್ವವು ನೀರಿನ ಹಂಚಿಕೆಗೆ ಈವರೆಗೂ ದೊರೆತಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ರಾಯಚೂರು ಪಟ್ಟಣದ ಕುಡಿಯುವ ನೀರಿನ ಒಂದು ಪಾಲೂ ಇದೇ ಕಾಲುವೆಯಿಂದ ಗಣೇಕಲ್ ಜಲಾಶಯದ ಮೂಲಕ ರಾಂಪುರದ ಕೆರೆಗೆ ಬರತಕ್ಕದ್ದಾದುದರಿಂದ, ಕೊನೆಭಾಗದ ಬವಣೆಯನ್ನು ಪಟ್ಟಣಿಗರು ಹಳ್ಳಿಯವರ ವ್ಯವಹಾರವೆಂದು ಕಡೆಗಣಿಸುವಂತಿಲ್ಲ.

ದೇವದುರ್ಗದ ಕಥೆ ಕೃಷ್ಣೆಯದು, ಅದರ ವಿಳಂಬವು ಬೇರೊಂದು ಬಗೆಯದು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟುದು 1964ರ ಮೇ 22ರಂದು. ನಾರಾಯಣಪುರದ ಕಟ್ಟೆ ಮುಗಿಯಲು 1980ರ ದಶಕವೇ ಬರಬೇಕಾಯಿತು. ಅದರ ಬಲದಂಡೆಯ ಕಾಲುವೆಯು ಲಿಂಗಸುಗೂರು, ದೇವದುರ್ಗಗಳ ಹೊಲಗಳನ್ನು ತಲುಪಲು ಇನ್ನೂ ಬಹುಕಾಲ ಹಿಡಿಯಿತು. ಇಲ್ಲಿ ಎಂಜಿನಿಯರರ ನಡುವೆ ಹಟವಿರಲಿಲ್ಲ. ಆಯವ್ಯಯದಲ್ಲಿ ವರ್ಷವರ್ಷವೂ ದೊರೆಯುತ್ತಿದ್ದ ಹಣವು ಕಾರ್ಯದ ಗಾತ್ರಕ್ಕೆ ಸಾಲುತ್ತಿರಲಿಲ್ಲ, ಮುಳುಗಡೆಯ ಜನರ ಪುನರ್ವಸತಿಯು ಹಿಂದುಳಿದುದರಿಂದ ವಿಶ್ವಬ್ಯಾಂಕಿನ ನೆರವೂ ತಡೆಹಿಡಿಯಲ್ಪಟ್ಟಿತು. ಬಚಾವತ್ ನ್ಯಾಯಾಧಿಕರಣವು ಕರ್ನಾಟಕಕ್ಕೆ ಕೃಷ್ಣೆಯಲ್ಲಿ 700 ಟಿಎಂಸಿಯನ್ನು ಕೊಟ್ಟು, 2000ನೆಯ ಇಸವಿಯ ಮೇ 31ರ ತರುವಾಯ ತೀರ್ಪಿನ ಪುನರ್ವಿಮರ್ಶೆಗೆ ಅವಕಾಶವಿಟ್ಟಿದ್ದುದರಿಂದ, ಅಷ್ಟರೊಳಗೆ ಪಾಲಿನ ನೀರನ್ನು ಬಳಸಿ ತೋರಿಸದಿದ್ದರೆ ಹಕ್ಕಿಗೇ ಕುಂದು ಬಂದೀತೆಂಬ ಭಯವಿದ್ದಿತು. ಆಗ 1994ರ ಆಗಸ್ಟಿನಲ್ಲಿ ಸರಕಾರವು ಇಲಾಖೆಯ ಹಳೆಯ ಚೌಕಟ್ಟಿನಿಂದ ಈ ಕಾರ್ಯವನ್ನು ಹೊರತೆಗೆದು, ಕಂಪೆನಿ ಕಾಯಿದೆಯ ಅನ್ವಯ ಕೃಷ್ಣಾ ಭಾಗ್ಯ ಜಲ ನಿಗಮವನ್ನು ಸ್ಥಾಪಿಸಿತು. ನಿಗಮವು ಬಾಂಡುಗಳನ್ನು ಹೊರಡಿಸಿ ಜನರಿಂದ ಹಣವನ್ನೆತ್ತಿತು. ಮೂವತ್ತು ವರ್ಷ ಕುಂಟಿದ್ದ ಕೆಲಸವು ಆರೇಳು ವರ್ಷಗಳಲ್ಲಿ ಓಟ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ಮದರಾಸು ಕಂಪೆನಿಯೊಡನೆ ಇದನ್ನು ಹೋಲಿಸಿದರೆ ಕಂಪೆನಿಯೆಂಬ ರೂಪಕ್ಕೆ ಸ್ವತಃ ಗುಣವೂ ಇಲ್ಲ, ದೋಷವೂ ಇಲ್ಲವೆಂದು ತೋರುತ್ತದೆ. ಅದನ್ನು ನಡೆಸುವವರ ಮುಂದೆ ಸ್ಪಷ್ಟವಾದ ಗಡುವೂ, ಹೆಗಲ ಮೇಲೆ ತಪ್ಪಿಸಿಕೊಳ್ಳಲಾಗದ ಹೊಣೆಯೂ ಇದ್ದುವೇ ಎಂಬುದು ಮುಖ್ಯ.

ಮತ್ತೆ ತುಂಗಭದ್ರೆಗೆ ಬಂದರೆ, 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯವು ತುಂಬಿದ್ದ ಸಮಯ. ಎಡದಂಡೆಯ ಗದ್ದೆಗಳಲ್ಲಿ ಮುಂಗಾರಿನ ಭತ್ತದ ನಾಟಿ ನಡೆದಿದ್ದ ಸಮಯ. ನೀರು ಗೇಟಿನ ಮಟ್ಟದಿಂದ ಕೆಳಗಿಳಿಯುವ ತನಕ ದುರಸ್ತಿ ಅಸಾಧ್ಯವೆಂದಾದರೆ, ಅಷ್ಟರಲ್ಲಿ ಹಂಗಾಮಿನ ನೀರಿನ ಬಹುಪಾಲು ಹರಿದುಹೋಗುವುದು ನಿಶ್ಚಯವಾಗಿದ್ದಿತು. ಆಗ ಗೇಟುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರು ಮುಂದೆ ನಿಂತು, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಬಿಡುವ ಉಪಾಯವನ್ನು ಸೂಚಿಸಿದರು. ವೃದ್ಧಾಪ್ಯದಲ್ಲಿದ್ದ ಅವರು ಸ್ಥಳದಲ್ಲಿಯೇ ಇದ್ದು ಕೆಲಸವನ್ನು ನಡೆಸಿದರು. ಹಲಗೆಗಳು ಸಮೀಪದ ಕಾರ್ಖಾನೆಗಳಲ್ಲಿ ಸಿದ್ಧವಾದುವು. ಕರ್ನಾಟಕ, ಆಂಧ್ರ, ತೆಲಂಗಾಣಗಳ ಅಧಿಕಾರಿಗಳು ಒಂದೇ ಕಟ್ಟೆಯ ಮೇಲೆ ಒಂದೇ ನಿರ್ಣಯಕ್ಕೆ ಕೈಜೋಡಿಸಿದರು. ಒಂದು ವಾರದಲ್ಲಿ ನೀರು ನಿಂತಿತು, ಬೆಳೆ ಉಳಿಯಿತು. ಉಪಾಯವು ಕೈಕೊಟ್ಟಿದ್ದರೆ ಅದರ ನಿಂದೆಯೆಲ್ಲವೂ ಅವರೊಬ್ಬರ ಮೇಲೆಯೇ ಬೀಳುತ್ತಿದ್ದಿತೆಂಬುದನ್ನು ತಿಳಿದೇ ಅವರು ಆ ಕಾರ್ಯಕ್ಕೆ ಇಳಿದರೆಂಬುದನ್ನು ಎಡದಂಡೆಯ ಒಕ್ಕಲು ಮರೆಯಲಾರದು.

ಈಗ ಉಳಿದಿರುವ ಪ್ರಶ್ನೆ ಹೂಳಿನದು. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯವು ಏಳು ದಶಕಗಳ ಹೂಳಿನಿಂದ ಸುಮಾರು 105 ಟಿಎಂಸಿಗೆ ಇಳಿದಿದೆ. ಹೂಳನ್ನು ಎತ್ತಿ ಹಾಕುವುದು ಆಗದ ಮಾತೆಂದು ತಜ್ಞರು ಕೈಚೆಲ್ಲಿದ್ದಾರೆ. ಕಳೆದುಹೋದ ನೀರನ್ನು ಮಳೆಗಾಲದ ಪ್ರವಾಹದಿಂದ ತುಂಬಿಕೊಳ್ಳಲು ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮಾನಾಂತರ ಜಲಾಶಯವೊಂದನ್ನು ಕಟ್ಟುವ ಆಲೋಚನೆಯು ಬಹುದಿನಗಳಿಂದ ಇದೆ. ನದಿಯ ನೀರಿನಲ್ಲಿ ಪಾಲುಗಾರರಾದ ಆಂಧ್ರ ಮತ್ತು ತೆಲಂಗಾಣಗಳ ಒಪ್ಪಿಗೆಯಿಲ್ಲದೆ ಅದು ಮುಂದುವರಿಯುವಂತಿಲ್ಲ. 1945ರಲ್ಲಿ ಎರಡು ಪಕ್ಷಗಳಿದ್ದ ಕಡೆ ಈಗ ಮೂರಾಗಿವೆ. ಮಾನ್ವಿಯ ಕೊನೆಭಾಗದ ರೈತರು, ರಾಯಚೂರಿನ ಒಣ ಉಪಕಾಲುವೆಗಳ ರೈತರು, ಆ ಮೂವರ ಮಾತುಕತೆ ಯಾವಾಗ ಮುಗಿಯುವುದೆಂದು ಪ್ರತಿ ಹಂಗಾಮಿನಲ್ಲಿಯೂ ಕೇಳುತ್ತಿದ್ದಾರೆ.